ಇಪ್ಪತ್ತನಾಲ್ಕು ಕೋಟುಗಳ ಸ್ಟುಡಿಯೋ

ಮಾರ್ಚ್ 3, ಸೋಮವಾರ

ಮೂವತ್ತೊಂದು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಊರಿನವರನ್ನೆಲ್ಲ ಎದ್ದೂ ಬಿದ್ದೂ ಓಡಿಸಿದವನು ನಾನು. ಐದು ತಿಂಗಳಿಂದ ಆ ಕುರ್ಚಿ ಖಾಲಿ. ಈಗ ಕಂಪ್ಯೂಟರಿನೊಳಗಿನ ಹೆಂಗಸೊಬ್ಬಳು ರೈಲುಗಳ ಹೊತ್ತು ಹೇಳುತ್ತಾಳೆ. ಅವಳಿಗೆ ಕೆಮ್ಮಿಲ್ಲ, ನೆಗಡಿಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ನನಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು.

ಇವತ್ತು ಪತ್ರ ಬಂತು. ಪುಸ್ತಕಗಳನ್ನು ಓದಿಸಿ, ದನಿ ಮುದ್ರಿಸಿ, ಕೇಳುವವರಿಗೆ ತಲುಪಿಸುವ ಕಂಪನಿಯಿಂದ. ಒಂದು ಕಾದಂಬರಿ, ಹದಿನಾಲ್ಕು ಅಧ್ಯಾಯ. ನಮ್ಮ ಮನೆಯಲ್ಲೇ ಓದಿ ಏಪ್ರಿಲ್ ಐದರೊಳಗೆ ಕಳಿಸಬೇಕು. ಒಪ್ಪಿಗೆಯಾದರೆ ಖಾಯಂ ಓದುಗ. ಇಲ್ಲದಿದ್ದರೆ ಒಂದು ಧನ್ಯವಾದ. ಧನ್ಯವಾದ ಎಂಬ ಪದ ಕೇಳಿದರೆ ಮೈ ಉರಿಯುತ್ತದೆ, ಗಡಿಯಾರದ ಮೇಲೂ ಅದನ್ನೇ ಬರೆಸಿದ್ದಾರೆ. ಈ ಗಂಟಲು ಇನ್ನೂ ಸತ್ತಿಲ್ಲ ಎಂದು ತೋರಿಸಿಯೇ ತೀರುತ್ತೇನೆ.

ಭಾವಮೈದುನ ಮಧ್ಯಾಹ್ನವೇ ಸಾಮಾನು ತಂದು ಸುರಿದ. ಮೈಕು, ಸ್ಟ್ಯಾಂಡು, ಹೆಡ್‌ಫೋನು, ಲ್ಯಾಪ್‌ಟಾಪಿಗೂ ಮೈಕಿಗೂ ನಡುವೆ ಇಡುವ ಕೆಂಪು ದೀಪದ ಡಬ್ಬಿ. ಅವನದು ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಸುಬು. "ಭಾವ, ಸ್ವಲ್ಪ ಎಕೋ ಹಾಕ್ಬಿಡೋಣ, ಕೇಳೋಕೆ ಗಂಭೀರವಾಗಿರುತ್ತೆ" ಎಂದ. ಪುಸ್ತಕವನ್ನು ಬಾವಿಯೊಳಗಿಂದ ಓದುವುದಿಲ್ಲ ಎಂದು ಹೇಳಿ ಕಳಿಸಿದೆ.

ಮಾರ್ಚ್ 5, ಬುಧವಾರ

ಸ್ಟುಡಿಯೋ ಎಂದರೆ ನಮ್ಮ ಸ್ಟೋರ್ ರೂಮು. ಎಂಟಡಿಗೆ ಆರಡಿ, ಕಿಟಕಿಯಿಲ್ಲ. ಒಳಗೆ ನಿಂತು ಚಪ್ಪಾಳೆ ಹೊಡೆದರೆ ಖಾಲಿ ಕೊಡಪಾನ ಬಡಿದ ಹಾಗೆ ಕೇಳುತ್ತದೆ. ಅದಕ್ಕೇನು ಮದ್ದು ಎಂದು ಯೋಚಿಸುತ್ತಿರುವಾಗ ಹೆಂಡತಿ ಬಂದು ಕೋಣೆಗೇ ಹಕ್ಕು ಹೇಳಿದಳು. ಇವಳು ಟೈಲರ್. ಮುಂದಿನ ಕೋಣೆಯೇ ಇವಳ ಅಂಗಡಿ. ಊರಿನ ಬ್ಯಾಂಡಿನವರಿಗೆ ಇಪ್ಪತ್ತನಾಲ್ಕು ಕೆಂಪು ಉಣ್ಣೆಕೋಟು ಹೊಲಿದಿದ್ದಾಳೆ. ಗುಂಡಿ ಹಾಕುವುದೊಂದೇ ಬಾಕಿ, ಕೋಟಿಗೆ ಒಂಬತ್ತರಂತೆ ಹಿತ್ತಾಳೆ ಗುಂಡಿ. ಅವನ್ನೆಲ್ಲ ತೂಗುಹಾಕಲು ಬೇರೆ ಜಾಗವಿಲ್ಲವಂತೆ.

"ಅಲ್ವೇ, ಇದು ಸ್ಟುಡಿಯೋ ಕಣೇ!"

"ಮೊನ್ನೆವರೆಗೂ ಈರುಳ್ಳಿ ಮೂಟೆ ಇಡ್ತಿದ್ದ ಜಾಗ ರೀ. ಕೋಟು ಇಲ್ಲೇ ಇರ್ತಾವೆ, ನಾನೂ ಇಲ್ಲೇ ಕೂತು ಗುಂಡಿ ಹೊಲಿತೀನಿ. ನಿಮ್ಮ ಮೈಕು ಬೇಕಾದ್ರೆ ಮುಂದಿನ ಕೋಣೆಗೆ ತಗೊಂಡ್ ಹೋಗಿ."

ಮೂರು ಗೋಡೆಗೂ ಕೋಟು ನೇತುಹಾಕಿದಳು. ಸಿಟ್ಟಿನಲ್ಲಿ ಚಪ್ಪಾಳೆ ಹೊಡೆದೆ. ಸದ್ದು ಅಲ್ಲೇ ಸತ್ತಿತು! ಇನ್ನೊಂದು ಹೊಡೆದೆ, ಅದೂ ಸತ್ತಿತು. ಕೋಟುಗಳು ಸದ್ದನ್ನು ನುಂಗುತ್ತವೆ. ಇದನ್ನು ಕಂಡುಹಿಡಿದವನು ನಾನು.

ಇವಳು ಇರಬಹುದು, ಆದರೆ ಕರಾರಿನ ಮೇಲೆ. ಮಾತಿಲ್ಲ, ಬಳೆಯಿಲ್ಲ, ಕತ್ತರಿಯಿಲ್ಲ. ಕತ್ತರಿ ಇಟ್ಟಾಗಲೆಲ್ಲ ಠಣ್ ಎನ್ನುತ್ತದೆ. "ಹಂಗಾದ್ರೆ ದಾರ ಹೆಂಗೆ ಕತ್ತರಿಸ್ಲಿ?" ಎಂದಳು. ಹೇಗಾದರೂ ಮಾಡಿಕೋ ಎಂದೆ.

ಓದುವಾಗ 'ಪ', 'ಭ' ಬಂದರೆ ಗಾಳಿ ಮೈಕಿಗೆ ಬಡಿದು ಗುಡುಗುತ್ತದೆ. ಇವಳು ಕಸೂತಿ ಹಾಕುವ ಮರದ ಬಳೆಗೆ ಹಳೇ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದೆ ಕಟ್ಟಿಕೊಟ್ಟಳು. ಗುಡುಗು ನಿಂತಿತು. ಕಾಲುಚೀಲದ ಮುಂದೆ ಬಾಯಿ ತೆರೆಯುವ ಯೋಗ ನನ್ನದು.

ಮಾರ್ಚ್ 7, ಶುಕ್ರವಾರ

ಕಂಪನಿಯಲ್ಲಿ ನಮ್ಮ ಫೈಲುಗಳನ್ನು ಕೇಳಿ ಪಾಸು ಫೇಲು ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಇಲ್ಲಿ ಅವಳನ್ನು ಕಿವಿ ಎಂದೇ ಬರೆಯುತ್ತೇನೆ. ಕಿವಿಯ ನಿಯಮ: ಪ್ರತಿ ಅಧ್ಯಾಯದ ಮೊದಲು ಹತ್ತು ಸೆಕೆಂಡು ಸುಮ್ಮನೆ ಕೂತು ಆ ಸುಮ್ಮನಿರುವುದನ್ನೂ ಮುದ್ರಿಸಬೇಕು. ಪ್ರತಿ ಕೋಣೆಗೂ ಅದರದೇ ಸದ್ದಿರುತ್ತದಂತೆ. ಪುಸ್ತಕ ಮುಗಿಯುವವರೆಗೆ ಅದು ಬದಲಾಗಬಾರದಂತೆ.

ಕಥೆ ಒಬ್ಬ ಅಂಚೆಯವನದು. ದುಃಖದ ಸುದ್ದಿಯಿರಬಹುದೆಂದು ಹೆದರಿ ಒಂದು ಕಾಗದವನ್ನು ಮೂವತ್ತು ವರ್ಷ ಕೊಡದೆ ಬಚ್ಚಿಟ್ಟುಕೊಂಡಿರುತ್ತಾನೆ. ಕಾಗದ ಯಾರಿಗೆ ಸೇರಬೇಕೋ ಆ ಹೆಂಗಸು ದಿನವೂ ಅವನ ದಾರಿಯಲ್ಲೇ ಸಿಗುತ್ತಾಳೆ. ಫ್ಯಾನು ಆರಿಸಿ, ಫ್ರಿಜ್ಜು ಆರಿಸಿ, ಹತ್ತು ಸೆಕೆಂಡು ಉಸಿರು ಹಿಡಿದು ಶುರು ಮಾಡಿದೆ. ಮೂರನೇ ವಾಕ್ಯಕ್ಕೆ ಇವಳು ಕಿಸಕ್ಕನೆ ನಕ್ಕಳು.

"ಏನಾಯ್ತೇ?"

"ಅಂಚೆಯವನು ಮನೆಗೆ ಬಂದ್ನೋ, ಎರಡನೇ ಪ್ಲಾಟ್‌ಫಾರ್ಮಿಗೆ ಬಂದ್ನೋ ಗೊತ್ತಾಗ್ಲಿಲ್ಲ ರೀ."

ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷದ ಗಂಟಲು ಇದು! ಮತ್ತೆ ಓದಿದೆ. ಈ ಸಲ ನಗುತ್ತಾಳೋ ಎಂದು ನೋಡಿಕೊಂಡೇ ಓದಿದೆ. ಅಂಚೆಯವನು ನಾಯಿಗೆ ಹೆದರಿ ಸೈಕಲ್ಲು ಬಿಟ್ಟು ಮರ ಹತ್ತುವ ಕಡೆ ನಕ್ಕಳು, ಆದರೆ ಅದು ಬೇರೆ ನಗು. ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅಷ್ಟು ಶಿಸ್ತಿದೆ.

ಮಾರ್ಚ್ 10, ಸೋಮವಾರ

ಅಧ್ಯಾಯ ಒಂದು, ಎರಡು ಪಾಸು! ಕಿವಿ ಬರೆದಿದ್ದಾಳೆ: "ಚೆನ್ನಾಗಿದೆ ಸರ್. ಇದೇ ಕೋಣೆ ಇರಲಿ. ಏನನ್ನೂ ಬದಲಾಯಿಸಬೇಡಿ." ಭಾವಮೈದುನನಿಗೆ ಫೋನು ಮಾಡಿ ಎರಡು ಸಲ ಓದಿ ಹೇಳಿದೆ. "ಎಕೋ ಹಾಕಿದ್ರೆ ಇನ್ನೂ ಬೇಗ ಪಾಸ್ ಆಗೋದು ಭಾವ" ಎಂದ.

ಮಾರ್ಚ್ 12, ಬುಧವಾರ

ಫ್ರಿಜ್ಜು ಮತ್ತೆ ಹಾಕುವುದನ್ನು ಮರೆತೆ. ಹಾಲು ಕೆಟ್ಟಿತು. ಇವಳು ನನ್ನ ಲೋಟಕ್ಕೆ ಬರಿ ಬಿಸಿನೀರು ಹಾಕಿ ಕೊಟ್ಟಳು.

ಮಾರ್ಚ್ 15, ಶನಿವಾರ

ಅಧ್ಯಾಯ ಮೂರು, ನಾಲ್ಕು ಪಾಸಾದವು, ಆದರೆ ಬಾಲಂಗೋಚಿ ಸಮೇತ. "ಸರ್, ಹಿಂದೆ ಎಲ್ಲೋ ಟುಕ್ ಅಂತ ಒಂದು ಸದ್ದು. ಎರಡು ನಿಮಿಷ ಹದಿನಾಲ್ಕಕ್ಕೆ, ನಾಲ್ಕು ನಿಮಿಷ ಏಳಕ್ಕೆ, ಆರು ನಿಮಿಷಕ್ಕೆ. ಈ ಸಲ ನಾನೇ ತೆಗೆದಿದ್ದೀನಿ. ಐದನೇ ಅಧ್ಯಾಯದಿಂದ ಬಾರದ ಹಾಗೆ ನೋಡಿಕೊಳ್ಳಿ."

ಟುಕ್ ಅಂತೆ! ನನ್ನ ಸ್ಟುಡಿಯೋದಲ್ಲಿ!

ಮಾರ್ಚ್ 17, ಸೋಮವಾರ

ಎರಡು ದಿನ ಟುಕ್ಕಿನ ಬೇಟೆ. ಮೊದಲು ಧನ್ಯವಾದದ ಗಡಿಯಾರ ಇಳಿಸಿ ಹಿತ್ತಲಿಗೆ ಹಾಕಿದೆ. ಟುಕ್ ಹೋಗಲಿಲ್ಲ. ಕೈಗಡಿಯಾರ ಬಿಚ್ಚಿದೆ. ಕುರ್ಚಿಯ ಮೊಳೆಗಳಿಗೆಲ್ಲ ಎಣ್ಣೆ ಬಿಟ್ಟೆ. ಮೂಲೆಯಲ್ಲಿದ್ದ ಹಲ್ಲಿಯನ್ನು ಪೊರಕೆ ಹಿಡಿದು ಅರ್ಧ ಗಂಟೆ ಅಟ್ಟಿದೆ, ಅದು ಬಾಗಿಲಿಂದ ಹೋಗಿ ಮೇಲಿನ ಸಂದಿಯಿಂದ ಬಂತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಲಿ! ಕೊನೆಗೆ ನನ್ನ ಬಾಯಿಯ ಮೇಲೇ ಅನುಮಾನ ಬಂದು ಕಟ್ಟಿಸಿದ ಹಲ್ಲನ್ನು ತೆಗೆದಿಟ್ಟು ಓದಿದೆ. ಟುಕ್ ಇತ್ತು, 'ಸ' ಮಾತ್ರ ಹೋಯಿತು.

ಆಮೇಲೆ ಹೆಡ್‌ಫೋನು ಹಾಕಿಕೊಂಡು, ಓದದೆ, ಸುಮ್ಮನೆ ಕಾದೆ. ಟುಕ್. ತಿರುಗಿ ನೋಡಿದರೆ ಇವಳು. ಗುಂಡಿ ಬಿಗಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಾಳೆ. ಗುಂಡಿಗೊಂದು ಟುಕ್. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

"ನಿನ್ನ ಹಲ್ಲಿಂದ ನನ್ನ ಕೆಲಸಕ್ಕೇ ಕುತ್ತು ಬಂತಲ್ಲೇ!"

"ಕತ್ತರಿ ಬೇಡ ಅಂದೋರು ಯಾರು?"

"ಇನ್ಮೇಲೆ ಕತ್ತರಿನೂ ಬೇಡ, ಹಲ್ಲೂ ಬೇಡ. ನೀನು ಹೊರಗೆ ಕೂತು ಹೊಲಿ."

ಇವಳು ಜಗಳಕ್ಕೆ ಬರುತ್ತಾಳೆ ಎಂದು ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಬರಲಿಲ್ಲ. ಗುಂಡಿ ಡಬ್ಬ ಎತ್ತಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, "ಅವನು ಆ ಕಾಗದ ಕೊಡ್ತಾನಾ ಇಲ್ವಾ?" ಎಂದಳು.

"ಪುಸ್ತಕ ಬಂದ್ಮೇಲೆ ಎಲ್ಲರ ಜೊತೆ ಕೇಳು."

"ಸರಿ ಬಿಡಿ" ಎಂದು ಹೋದಳು. ತಂತ್ರಜ್ಞಾನದ ವಿಷಯದಲ್ಲಿ ದಾಕ್ಷಿಣ್ಯ ನಡೆಯುವುದಿಲ್ಲ.

ಮಾರ್ಚ್ 20, ಗುರುವಾರ

ಕೋಟುಗಳೂ ಹೋದವು. ಬ್ಯಾಂಡ್ ಮಾಸ್ತರರು ಬಂದು ಇಪ್ಪತ್ತನಾಲ್ಕನ್ನೂ ಹೊತ್ತುಕೊಂಡು ಹೋದರು. ಗೋಡೆಗೆ ರಜಾಯಿ ಕಟ್ಟಿ ಅಧ್ಯಾಯ ಐದು, ಆರು ಓದಿ ಮುಗಿಸಿದೆ. ಒಂದು ಟುಕ್ ಇಲ್ಲ, ಒಂದು ಕಿಸಕ್ ಇಲ್ಲ. ಎಲ್ಲೂ ನಿಲ್ಲದೆ ಸರಾಗವಾಗಿ ಓದಿದ್ದರಿಂದ ಪ್ರತಿ ಅಧ್ಯಾಯದಲ್ಲೂ ನಾಲ್ಕು ನಿಮಿಷ ಉಳಿತಾಯ. ಸ್ಟುಡಿಯೋ ಅಂದರೆ ಹೀಗಿರಬೇಕು.

ಮಾರ್ಚ್ 22, ಶನಿವಾರ

ಐದು, ಆರು ಎರಡೂ ವಾಪಸ್ಸು. ಕಿವಿ ಬರೆದದ್ದು: "ಸದ್ದೇನೂ ಇಲ್ಲ ಸರ್, ತುಂಬ ಶುಭ್ರವಾಗಿದೆ. ಆದರೆ ಕೋಣೆ ಬದಲಾಗಿದೆ. ಮೊದಲಿನ ಕೋಣೆಯಲ್ಲೇ ಓದಿ."

ಅದೇ ಕೋಣೆ ಕಣಮ್ಮ! ಅದೇ ಎಂಟಡಿ, ಅದೇ ಆರಡಿ! ರಜಾಯಿ ಸಾಲದೇನೋ.

ಮಾರ್ಚ್ 24, ಸೋಮವಾರ

ರಜಾಯಿಯ ಮೇಲೆ ಹಾಸಿಗೆ ನಿಲ್ಲಿಸಿದೆ. ವಾಪಸ್ಸು.

ಮಾರ್ಚ್ 26, ಬುಧವಾರ

ಭಾವಮೈದುನ ಮೊಟ್ಟೆ ಇಡುವ ರಟ್ಟಿನ ಟ್ರೇ ನೂರು ತಂದು ಗೋಡೆಗೆಲ್ಲ ಅಂಟಿಸಿದ. ಕೋಣೆ ಕೋಳಿ ಫಾರಂ ಆಯಿತೇ ಹೊರತು ಸ್ಟುಡಿಯೋ ಆಗಲಿಲ್ಲ. ವಾಪಸ್ಸು. ಹದಿನಾಲ್ಕರಲ್ಲಿ ನಾಲ್ಕೇ ಅಧ್ಯಾಯ ಕೈಯಲ್ಲಿವೆ, ಉಳಿದಿರುವುದು ಹತ್ತು ದಿನ.

ಊಟಕ್ಕೆ ಕೂತಾಗ ಕೋಣೆಯನ್ನು, ಟ್ರೇಯನ್ನು, ಮೈಕನ್ನು ಚೆನ್ನಾಗಿ ಬೈದೆ. ಇವಳು ತಟ್ಟೆಯಿಂದ ತಲೆಯೆತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದಳು. ಒಂಬತ್ತು ದಿನದಲ್ಲಿ ನನ್ನ ಹತ್ತಿರ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಮನೆ ಈಗ ಒಳ್ಳೇ ನಿಶ್ಶಬ್ದವಾಗಿದೆ. ಮುದ್ರಣಕ್ಕೆ ಹೇಳಿ ಮಾಡಿಸಿದ ಹಾಗಿದೆ. ಯಾಕೋ ಊಟ ಸೇರಲಿಲ್ಲ.

ಮಾರ್ಚ್ 28, ಶುಕ್ರವಾರ

ರಹಸ್ಯ ಸಿಕ್ಕಿತು. ಕೋಟುಗಳು! ಕೋಟು ಇದ್ದಾಗ ಪಾಸು, ಕೋಟು ಹೋದ ಮೇಲೆ ಫೇಲು. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕೆ? ಬೆಳಗ್ಗೆಯೇ ಬ್ಯಾಂಡ್ ಮಾಸ್ತರರ ಮನೆಗೆ ಓಡಿದೆ. ಅವರು ಕಹಳೆ ಒರೆಸುತ್ತ ಕೂತಿದ್ದರು. ಎಲ್ಲ ಹೇಳಿದೆ.

"ಅಂದ್ರೆ ಸ್ವಾಮಿ, ನಮ್ಮ ಕೋಟಿಗೆ ನೀವು ಕಥೆ ಓದಿ ಹೇಳ್ಬೇಕು."

"ಕೋಟಿಗಲ್ಲ ಮಾಸ್ತರ್ರೇ, ಮೈಕಿಗೆ. ಕೋಟು ಸುಮ್ನೆ ನೇತಾಡ್ತಿರುತ್ತೆ."

"ಮೊದಲು ಓದಿದಾಗ್ಲೂ ಬರೀ ಕೋಟೇ ನೇತಾಡ್ತಿದ್ವಾ?"

"ಹೂಂ. ಇವಳೊಬ್ಬಳು ಕೆಳಗೆ ಕೂತು ಗುಂಡಿ ಹೊಲಿತಿದ್ಳು, ಅಷ್ಟೆ."

ಅವರು ಕಹಳೆಯನ್ನು ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದರು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ನಗುತ್ತ ಕೋಟು ತೆಗೆದುಕೊಟ್ಟರು. ಭಾನುವಾರ ಅವರದು ಕಾರ್ಯಕ್ರಮ, ಅಷ್ಟರೊಳಗೆ ವಾಪಸ್ಸು ಕೊಡಬೇಕು. ಯಾವ ಕೂಸು, ಯಾರ ಕಂಕುಳು? ವಾದ್ಯದವರಿಗೆ ಊದಿ ಊದಿ ತಲೆಗೆ ಗಾಳಿ ಹತ್ತಿರುತ್ತದೆ.

ಮೊದಲಿದ್ದ ಹಾಗೆಯೇ ನೇತುಹಾಕಿ ಐದನ್ನು ಮತ್ತೆ ಓದಿ ಕಳಿಸಿದೆ. ಇವಳು ಬಾಗಿಲವರೆಗೆ ಬಂದು ಕೋಟುಗಳನ್ನೂ ನನ್ನನ್ನೂ ನೋಡಿ ಒಳಗೆ ಹೋದಳು.

ಮಾರ್ಚ್ 29, ಶನಿವಾರ

ಈ ಸಲ ಕಿವಿ ಫೋನನ್ನೇ ಮಾಡಿದಳು.

"ಸರ್, ಕೋಣೆ ಇನ್ನೂ ಬಂದಿಲ್ಲ."

"ಇಪ್ಪತ್ತನಾಲ್ಕು ಕೋಟು ವಾಪಸ್ ತಂದಿದ್ದೀನಮ್ಮ! ಇನ್ನೇನು ತರ್ಲಿ, ಕಹಳೆ ತರ್ಲಾ?"

ಅವಳು ನಗಲಿಲ್ಲ. "ಕೋಟೆಲ್ಲ ನಂಗೆ ಗೊತ್ತಿಲ್ಲ ಸರ್. ಮೊದಲ ನಾಲ್ಕರಲ್ಲಿ ನೀವು ಅಲ್ಲಲ್ಲಿ ನಿಲ್ತಿದ್ರಿ. ಈಗ ಎಲ್ಲೂ ನಿಲ್ಲಲ್ಲ. ಆವಾಗ ಯಾಕೆ ನಿಲ್ತಿದ್ರಿ?"

ನಾನು ನಿಲ್ಲುತ್ತಿದ್ದೆನೇ? ಫೋನಿಟ್ಟು, ಕಿವಿ ತಿದ್ದುವ ಮೊದಲಿನ ಮೂರನೇ ಅಧ್ಯಾಯ ಹಾಕಿಕೊಂಡು ಕೇಳಿದೆ. ಹೌದು, ನಿಲ್ಲುತ್ತಿದ್ದೆ. ಅಂಚೆಯವನು ಕಾಗದವನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಡುವ ಕಡೆ ನಿಂತಿದ್ದೇನೆ. ಆ ಸಂದಿಯಲ್ಲಿ, ತೀರಾ ಹಿಂದೆ, ಇವಳು "ಅಯ್ಯೋ ಪಾಪ" ಎಂದದ್ದು ಕೇಳುತ್ತದೆ, ಬಾಯೊಳಗೇ ಅಂದದ್ದು. ಆಮೇಲೆ ಟುಕ್. ಆಮೇಲೆ ನಾನು ಮುಂದೆ ಓದುತ್ತೇನೆ, ದನಿ ಸ್ವಲ್ಪ ಕೆಳಗಿಳಿದಿರುತ್ತದೆ. ನಿಲ್ದಾಣದಲ್ಲಿ ಸಾವಿರ ಜನಕ್ಕೆ ಕೂಗಿದ ನಾನು ಈ ದನಿಯಲ್ಲಿ ಯಾವತ್ತೂ ಮಾತಾಡಿಲ್ಲ. ಅದೇ ತುಣುಕನ್ನು ಆರು ಸಲ ಕೇಳಿದೆ. ಎದ್ದು ಹೋಗಿ ಬಿಸಿನೀರು ಕುಡಿದೆ.

ಇದಕ್ಕೂ ವೈಜ್ಞಾನಿಕ ಕಾರಣವಿದೆ. ಮನುಷ್ಯರ ಮೈ ಉಣ್ಣೆಗಿಂತ ಚೆನ್ನಾಗಿ ಸದ್ದು ನುಂಗುತ್ತದೆ. ಕೋಣೆಯಲ್ಲಿ ಒಂದು ಆಳು ಕಡಿಮೆಯಾಗಿದೆ, ಅಷ್ಟೇ.

ಮಾರ್ಚ್ 30, ಭಾನುವಾರ

ಕೋಟುಗಳನ್ನು ಮಾಸ್ತರರಿಗೆ ಒಪ್ಪಿಸಿ ಬಂದೆ. ಈಗ ಇವಳನ್ನು ಕರೆಯುವುದು ಹೇಗೆ? ಹೊಲಿಯಲು ಏನೂ ಇಲ್ಲದೆ ಸ್ಟೋರ್ ರೂಮಿನಲ್ಲಿ ಬಂದು ಕೂರು ಎಂದರೆ ಏನೆಂದುಕೊಂಡಾಳು? ಬೀರುವಿನಿಂದ ನನ್ನ ನಿಲ್ದಾಣದ ಕಪ್ಪು ಕೋಟು ತೆಗೆದೆ. ಆರು ಗುಂಡಿ, ಆರೂ ಗಟ್ಟಿಯಾಗಿದ್ದವು. ಒಂದೊಂದನ್ನೇ ಎಳೆದು ಕಿತ್ತೆ. ಇವಳ ಹೊಲಿಗೆಯಲ್ಲವೇ, ಉಗುರು ಕಿತ್ತು ಬಂತು.

"ಇವಳೇ, ಈ ಕೋಟಿನ ಗುಂಡಿ ಬಿದ್ದುಹೋಗಿದೆ ನೋಡು."

ಮಷೀನು ನಿಲ್ಲಿಸಿ ನೋಡಿದಳು. "ಆರೂ ಒಟ್ಟಿಗೇ ಬಿದ್ವಾ?"

"ಹೂಂ."

"ಹಾಕ್ಕೊಂಡು ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ. ಅಲ್ಲೇ ಸ್ಟೋರ್ ರೂಮಲ್ಲಿ ಕೂತು ಹೊಲಿ. ಬೇಕಾದ್ರೆ ಕತ್ತರಿನೂ ತಗೊಂಡ್ ಬಾ."

ಇವಳು ಕೋಟನ್ನು ತಿರುವಿ ಕಿತ್ತ ದಾರದ ತುದಿಗಳನ್ನು ನೋಡಿದಳು. ನಾನು ಗೋಡೆ ನೋಡಿದೆ. ಗಡಿಯಾರವಿದ್ದ ಜಾಗದಲ್ಲಿ ಬರಿ ಮೊಳೆ.

"ತಪ್ಪಾಯ್ತು ಕಣೇ" ಎಂದೆ. ಬಾಯಿಂದ ಹೇಗೆ ಬಂತೋ.

"ಐದನೇ ಅಧ್ಯಾಯದಿಂದ ಓದ್ಬೇಕು" ಎಂದಳು. "ನಾನು ಕೇಳಿಲ್ಲ."

ಏಪ್ರಿಲ್ 1, ಮಂಗಳವಾರ

ಐದು, ಆರು, ಏಳು ಪಾಸು! ಕಿವಿ: "ಕೋಣೆ ಬಂತು ಸರ್!" ಮೊಟ್ಟೆಯ ಟ್ರೇಗಳನ್ನು ಕಿತ್ತು ಬಿಸಾಡಿದೆ. ಗೋಡೆಗೆ ಒಂದು ರಜಾಯಿ ಸಾಕಂತೆ.

ಏಪ್ರಿಲ್ 3, ಗುರುವಾರ

ಹನ್ನೊಂದು ಮುಗಿಯಿತು. ನನ್ನ ಗಂಟಲಿಗಿಂತ ಇವಳ ಕೈಯದೇ ಚಿಂತೆಯಾಗಿದೆ. ಇನ್ನೂರ ಹದಿನಾರು ಗುಂಡಿ ಹೊಲಿದವಳು, ನಾಲ್ಕು ದಿನದಿಂದ ಆರು ಗುಂಡಿಯಲ್ಲೇ ಇದ್ದಾಳೆ. ಬೆಳಗ್ಗೆ ನಾಲ್ಕು ಹೊಲಿದಿದ್ದಂತೆ ಕಂಡಿತ್ತು, ಸಂಜೆ ನೋಡಿದರೆ ಎರಡೇ ಇದ್ದವು. ವಯಸ್ಸಾಯಿತು ಪಾಪ. ಕಣ್ಣು ತೋರಿಸಬೇಕು.

ಏಪ್ರಿಲ್ 4, ಶುಕ್ರವಾರ

ಬೆಳಗ್ಗೆ ಹನ್ನೆರಡು, ಹದಿಮೂರು. ಮಧ್ಯಾಹ್ನ ಹದಿನಾಲ್ಕು, ಕಾಗದದ ಅಧ್ಯಾಯ. ಮೊದಲೇ ಓದಿ ಏನಿದೆ ಹೇಳಿ ಎಂದು ಇವಳು ವಾರವಿಡೀ ಪೀಡಿಸಿದರೂ ನಾನು ಮುಂದಿನ ಪುಟ ತೆರೆದಿರಲಿಲ್ಲ. ಇಬ್ಬರೂ ಒಟ್ಟಿಗೆ ಕೇಳಬೇಕೆಂದು ಅಲ್ಲ. ಓದಿಗೆ ತಾಜಾತನ ಬೇಕು ಎಂದು.

ಮುದುಕನಾದ ಅಂಚೆಯವನು ಮುದುಕಿಯಾದ ಅವಳ ಮನೆಗೆ ಹೋಗಿ, ಕ್ಷಮಿಸಿ ಎಂದು ಕಾಗದ ಕೊಡುತ್ತಾನೆ. ಅವಳು ಒಡೆಯುತ್ತಾಳೆ. ಒಳಗೆ ಎರಡೇ ಸಾಲು: ನಿಮ್ಮ ಕೊಡೆ ರಿಪೇರಿಯಾಗಿದೆ. ಬಂದು ತೆಗೆದುಕೊಂಡು ಹೋಗಿ.

ಇಷ್ಟಕ್ಕೆ ಮೂವತ್ತು ವರ್ಷ! ಓದಿ ನಾನೇ ಬೆಪ್ಪಾದೆ. ಮುದುಕಿ ನಗುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ, "ನಡಿಯಪ್ಪ, ತರೋಣ" ಎನ್ನುತ್ತಾಳೆ. ಆ ಮಾತಿಗೆ ನನ್ನ ಗಂಟಲು ಕಟ್ಟಿತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕಟ್ಟದ ಗಂಟಲು. ನಿಂತೆ. ಇವಳು ನಗುತ್ತ ಕೂತಿದ್ದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸದ್ದೇ ಮಾಡಲಿಲ್ಲ, ಅಷ್ಟು ಶಿಸ್ತು. ಆಮೇಲೆ ದಾರವನ್ನು ಬಾಯಿಗಿಟ್ಟಳು. ಟುಕ್. ನಾನು ಉಳಿದ ಅರ್ಧ ಪುಟ ಓದಿದೆ. ಇನ್ನೊಂದು ಸಲ ಓದುವುದೇ ಎಂದು ಕೇಳಿದರೆ ಬೇಡ ಎಂದಳು. ಹಾಗೆಯೇ ಕಳಿಸಿಬಿಟ್ಟೆ.

ಏಪ್ರಿಲ್ 7, ಸೋಮವಾರ

ಪಾಸು! ಖಾಯಂ ಓದುಗ! ಇನ್ನೂ ಹತ್ತು ಪುಸ್ತಕ ಕೊಡುತ್ತಾರಂತೆ. ಕಿವಿಯೇ ಫೋನು ಮಾಡಿ ಹೇಳಿದಳು. ಇವಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಒಂದೇ ಒಂದು ವಿಷಯ ಸರ್. ಕೊನೇ ಅಧ್ಯಾಯ, ಹನ್ನೊಂದು ನಿಮಿಷ ಇಪ್ಪತ್ತಕ್ಕೆ ಮತ್ತೆ ಆ ಟುಕ್ ಇದೆ. ತೆಗೆದುಬಿಡ್ಲಾ?"

ಇವಳು ನನ್ನ ಮುಖ ನೋಡಿದಳು.

"ಬೇಡಮ್ಮ. ಅದು ಕೋಣೆಯ ಸದ್ದು" ಎಂದೆ.

ಇವಳು ಎದ್ದು ಒಳಗೆ ಹೋದಳು. ಸಹಿ ಹಾಕಲು ಕಂಪನಿಗೆ ಹನ್ನೊಂದು ಗಂಟೆಗೆ ಬರಹೇಳಿದ್ದರು. ಸ್ನಾನ ಮಾಡಿ ಬಂದು ಬೀರು ತೆಗೆದರೆ, ಏಳು ಅಂಗಿಗಳಲ್ಲಿ ಒಂದಕ್ಕೂ ಗುಂಡಿಯಿಲ್ಲ. ಒಂದೇ ಒಂದೂ ಇಲ್ಲ. ಸ್ಟೋರ್ ರೂಮಿಗೆ ಹೋಗಿ ನೋಡಿದೆ. ಇವಳ ಗುಂಡಿ ಡಬ್ಬ ತುಂಬಿ ಮುಚ್ಚಳ ಹಾಕಲಾಗದೆ ನನ್ನ ಕುರ್ಚಿಯ ಪಕ್ಕದಲ್ಲೇ ಕೂತಿತ್ತು. ಹತ್ತು ಪುಸ್ತಕಕ್ಕೆ ಸಾಲುವಷ್ಟು ಗುಂಡಿ. ಈ ಸುಡುಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಹೋಗಿ ಸಹಿ ಹಾಕಿ ಬಂದೆ.